ಅರಿಶಿನ ದಾರದ ಮೀನು

ನಮ್ಮವ್ವ ಆ ಬೇಸಿಗೆ ಹೈದರಾಬಾದಿಗೆ ಬಂದದ್ದು ನನಗೆ ಗಂಡು ಗೊತ್ತುಮಾಡಲಿಕ್ಕೆ. ಗೊತ್ತುಮಾಡಿದ್ದು ಮಾತ್ರ ಒಂದು ಮೀನಿಗೆ. ಈ ಮಾತನ್ನು ನಾಲ್ಕು ಜನರ ಮುಂದೆ ಎತ್ತಿದರೆ ಈಗಲೂ ಅವಳ ಮುಖ ಬಿಗಿಯುತ್ತದೆ. ಆಮೇಲೆ ತಾನೇ ನನ್ನ ಬಾಯಿಂದ ಕಥೆ ಕಸಿದುಕೊಂಡು ಮೊದಲಿನಿಂದ ಹೇಳಲು ಕೂರುತ್ತಾಳೆ. ಅವಳು ಹೇಳುವಾಗ ಮೀನು ಪ್ರತಿ ಸಲ ಒಂದು ಗೇಣು ಉದ್ದವಾಗುತ್ತದೆ. ಹಾಗಾಗಿ ಒಮ್ಮೆ ನಾನೇ ಅಳತೆ ತಪ್ಪದಂತೆ ಬರೆದಿಡುತ್ತೇನೆ.

ನಮ್ಮದು ಬೀದರ್ ಕಡೆಯ ಮನೆತನ. ಯಾರೋ ಮೊಟ್ಟೆ ಒಯ್ದ ಚೀಲವನ್ನು ಕೂಡ ಹೊಸ್ತಿಲ ಹೊರಗೇ ಜಾಡಿಸಿ ಒಳಗೆ ತರುವ ಮನೆ. ಅಂಥ ಮನೆಯ ಮಗಳು ಮೀನಿನ ವಂಶವಾಹಿ ಓದುವ ಕೆಲಸಕ್ಕೆ ಸೇರಿದ್ದನ್ನು ಅರಗಿಸಿಕೊಳ್ಳಲು ನಮ್ಮವರಿಗೆ ವರ್ಷಗಳೇ ಹಿಡಿದವು. ಊರಲ್ಲಿ ಯಾರಾದರೂ ಕೇಳಿದರೆ ಅವ್ವ, "ನೀರಿನ ಇಲಾಖೆದಾಗ ಅದಾಳ" ಎಂದು ಮಾತು ಮುಗಿಸುತ್ತಿದ್ದಳು. ನಮ್ಮ ದೊಡ್ಡಪ್ಪ ಲ್ಯಾಬು ಎಂಬ ಮಾತನ್ನಷ್ಟೇ ಕೇಳಿಸಿಕೊಂಡು ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ಕಳಿಸಿ ನನ್ನ ಅಭಿಪ್ರಾಯ ಕೇಳಿದ್ದರು. ಅನ್ನ ಕಡಿಮೆ ಮಾಡಿ ಎಂದೆ. ಅವರಿಗೆ ಗುಣ ಕಂಡಿತು. ಅಂದಿನಿಂದ ನನ್ನ ಓದಿಗೆ ಬಳಗದಲ್ಲಿ ಬೆಲೆ ಬಂತು.

ನಾನು ಇದ್ದದ್ದು ಮೆಹದಿಪಟ್ಟಣಂ ಬಸ್ ಸ್ಟಾಪಿನ ಗದ್ದಲ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳೆಯ ಕಾಲನಿಯಲ್ಲಿ, ಮೇಲಿನ ಪೋರ್ಷನ್ನಿನಲ್ಲಿ. ಕೆಳಗೆ ಮನೆಯೊಡತಿ. ಅವರು ಜಹೀರಾಬಾದ್ ಕಡೆ ಹುಟ್ಟಿದವರು. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದರು. ಕನ್ನಡದಲ್ಲಿ ಮಾತು ಶುರುಮಾಡಿ, ತೆಲುಗಿನಲ್ಲಿ ಬಯ್ದು, ಉರ್ದುವಿನಲ್ಲಿ ಸಮಾಧಾನ ಹೇಳುವ ಹೆಂಗಸು. ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಅವ್ವ ಬಂದ ವಾರದಲ್ಲೇ ಇಬ್ಬರಿಗೂ ಎಷ್ಟು ಗೆಳೆತನವಾಯಿತೆಂದರೆ ನಾನು ಆಫೀಸಿನಿಂದ ಬಂದರೆ ನನ್ನ ಮನೆಗೆ ಬೀಗ, ಕಾಕುವಿನ ಕಟ್ಟೆಯ ಮೇಲೆ ನನ್ನ ಚಹಾ. ಒಂದೇ ಒಂದು ಅಡ್ಡಿ ಇತ್ತು. ಭಾನುವಾರ ಕಾಕುವಿನ ಒಲೆಯ ಮೇಲೆ ಹುಣಸೆರಸದ ಮೀನಿನ ಸಾರು, ಅವರ ಮಾತಿನಲ್ಲಿ ಪುಲುಸು, ಕುದಿಯತೊಡಗಿದರೆ ನಮ್ಮವ್ವ ಮೇಲೆ ಊದುಬತ್ತಿ ಹಚ್ಚುತ್ತಿದ್ದಳು. ಕಾಕುವಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಸೋಮವಾರ ಬೆಳಗ್ಗೆ ಮತ್ತೆ ಇಬ್ಬರೂ ಎದುರುಬದುರು ಕೂತು ಅಕ್ಕಿ ಆರಿಸುತ್ತಿದ್ದರು.

ಈಗ ನನ್ನ ಮೀನಿನ ವಿಷಯ. ಹೈದರಾಬಾದಿನ ಸುತ್ತಮುತ್ತಲ ಹಳೆಯ ಕೆರೆಗಳನ್ನು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದ್ದಾರೆ. ಇಂದು ನಡುವೆ ರಸ್ತೆ ಬಂದಿದೆ, ಲೇಔಟು ಬಂದಿದೆ, ಮದುವೆಯ ಫಂಕ್ಷನ್ ಹಾಲುಗಳು ಬಂದಿವೆ. ಆದರೂ ಜೋರು ಮಳೆಯಾದರೆ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಹೊರಡುತ್ತದೆ, ನಡುವೆ ಮನೆ ಕಟ್ಟಿದವರು ಟಿವಿಯವರ ಮುಂದೆ ಅಳುತ್ತಾರೆ. ಈ ಕೆರೆಗಳಲ್ಲಿ ಕೊರಮೀನು ಎಂಬ ಮೀನಿದೆ. ಹಾವಿನಂಥ ತಲೆ, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ, ಹಾಗಾಗಿ ಕೆಸರಿನಲ್ಲೂ ಬದುಕುತ್ತದೆ. ತೆಲಂಗಾಣದವರಿಗೆ ಅದು ಮೀನುಗಳಲ್ಲೇ ದೊರೆ. ಅದರ ರುಚಿ ನನಗೆ ಗೊತ್ತಿಲ್ಲ. ಅದರ ವಂಶ ಮಾತ್ರ ಅದಕ್ಕಿಂತ ಚೆನ್ನಾಗಿ ನನಗೆ ಗೊತ್ತು.

ನನ್ನ ಕೆಲಸ ಕೇಳಲು ದೊಡ್ಡದು, ಮಾಡಲು ಸಣ್ಣದು. ಮೀನಿನ ರೆಕ್ಕೆಯ ತುದಿಯನ್ನು ಉಗುರು ಕತ್ತರಿಸಿದಷ್ಟು ಕತ್ತರಿಸುವುದು, ಸ್ಪಿರಿಟ್ಟಿನ ಪುಟ್ಟ ಸೀಸೆಯಲ್ಲಿ ಹಾಕುವುದು, ಮೀನನ್ನು ನೀರಿಗೆ ಬಿಡುವುದು. ಲ್ಯಾಬಿನಲ್ಲಿ ಆ ಚೂರಿನಿಂದ ಡಿಎನ್‌ಎ ತೆಗೆದು ಸಾವಿರಾರು ಕಡೆ ಓದುವುದು. ಒಂದು ಮೀನಿನದನ್ನು ಓದಿದರೆ ಏನೂ ತಿಳಿಯದು. ಈ ಕೆರೆಯವು, ಆ ಕೆರೆಯವು, ಮಂಜೀರಾ ನದಿಯವು, ಸಾಕಣೆ ಕೊಳಗಳವು, ಎಲ್ಲವನ್ನೂ ಓದಿ ಪಕ್ಕಪಕ್ಕ ಇಟ್ಟರೆ ಯಾರಿಗೆ ಯಾರು ದಾಯಾದಿ, ಯಾರ ಮನೆಗೆ ಹೊರಗಿನವರು ಬಂದು ಸೇರಿದ್ದಾರೆ, ಯಾವ ಮನೆತನ ತೆಳ್ಳಗಾಗುತ್ತ ಬಂದಿದೆ ಎಂದು ಕಾಣತೊಡಗುತ್ತದೆ. ಕೆಲವು ಕಡೆ, ಬಿಸಿ ನೀರಿನಲ್ಲಿ ತಲೆತಲಾಂತರದಿಂದ ಬದುಕಿದವುಗಳ ಗುರುತೂ ಸಿಗುತ್ತದೆ. ಬೇಸಿಗೆಗಳು ವರ್ಷ ವರ್ಷ ಬಿಸಿಯೇರುತ್ತಿವೆ, ಕೆರೆಗಳು ತೆಳುವಾಗುತ್ತಿವೆ, ಮಳೆ ಬಂದರೆ ಒಮ್ಮೆಗೇ ಸುರಿದು ಹೋಗುತ್ತದೆ. ಇಂಥ ಕಾಲಕ್ಕೆ ಒಂದೇ ನಮೂನೆಯ ಮೀನಿಗಿಂತ ಹತ್ತು ನಮೂನೆಯ ಮೀನು ಇರುವುದು ಒಳ್ಳೆಯದು. ಯಾವುದಕ್ಕೆ ಯಾವ ಬಿಸಿಲು ತಡೆಯುವ ಶಕ್ತಿ ಇದೆಯೋ ನಮಗೆ ಮೊದಲೇ ತಿಳಿಯದು.

ಊರಾಚೆ ಒಂದು ಕೆರೆಯಲ್ಲಿ ನಾನು ಮೂರು ವರ್ಷದಿಂದ ರೆಕ್ಕೆ ಕತ್ತರಿಸುತ್ತಿದ್ದೆ. ಗಟ್ಟಿ ತಳದ, ಕಡಿಮೆ ಆಳದ, ಮೇ ತಿಂಗಳಲ್ಲಿ ನೀರು ಬಚ್ಚಲಹಂಡೆಯ ಹಾಗೆ ಕಾಯುವ ಕೆರೆ. ಅಲ್ಲಿನ ಹಳೆಯ ಮೀನುಗಳು ಉಳಿದ ಯಾವ ಕೆರೆಯವುಗಳ ಹಾಗೂ ಇರಲಿಲ್ಲ. ಬಿಸಿಲು ತಡೆಯುವ ಗುಣ ಅವುಗಳಲ್ಲಿದೆ ಎಂದು ನಾನು ಆಣೆ ಮಾಡಲಾರೆ, ಸುಳಿವು ಮಾತ್ರ ಇತ್ತು. ಆ ವರ್ಷ ಹೂಳು ತೆಗೆಯಲೆಂದು ಕೆರೆಯನ್ನು ಬರಿದು ಮಾಡುವುದೆಂದು ನಿರ್ಧಾರವಾಯಿತು. ಹೂಳು ತೆಗೆಯುವುದು ಕೆರೆಗೆ ಒಳ್ಳೆಯದೇ. ಮಳೆ ಬಂದು ತುಂಬಿದ ಮೇಲೆ ಏನು ಬಿಡುತ್ತಾರೆ ಎಂಬುದೇ ನನ್ನ ತಲೆನೋವು. ಅಲ್ಲಿನ ಮೀನುಗಾರರ ಸೊಸೈಟಿಯ ಅಧ್ಯಕ್ಷರು, ಬಿಳಿ ಮೀಸೆಯ, ತಮಾಷೆಯ ಮನುಷ್ಯ, ಸಾಕಣೆ ಕೇಂದ್ರದ ಮರಿ ತಂದು ಬಿಡುತ್ತೇವೆ ಎಂದರು. ನಾನು ಒಂದು ಗಂಟೆ ಮನೆತನದ ಪಾಠ ಹೇಳಿದೆ. ಅವರು ಬೀಡಿ ಆರಿಸಿ, "ಚೇಪ ಎಕ್ಕಡಿದೈನಾ ಚೇಪೇ ಕದಮ್ಮಾ" ಎಂದರು. ಎಲ್ಲಿಯದಾದರೂ ಮೀನು ಮೀನೇ ಅಲ್ಲವೇನಮ್ಮಾ ಎಂದು. ನನಗೆ ಬಂದ ಸಿಟ್ಟಿಗೆ ಕೆರೆಯಲ್ಲಿ ಉಳಿದ ನೀರೂ ಆವಿಯಾಗಬೇಕಿತ್ತು.

ಆದರೆ ಅವರು ಕೆಟ್ಟವರಲ್ಲ. ಕೊನೆಗೆ ಒಂದು ಮಾತು ಕೊಟ್ಟರು. ಕೆರೆಯ ಪಕ್ಕದಲ್ಲಿ ಸೊಸೈಟಿಯದೊಂದು ಸಣ್ಣ ಕುಂಟೆ ಇತ್ತು, ಬಾವಿಯ ಊಟೆಯಿಂದ ಬೇಸಿಗೆಯಲ್ಲೂ ಬತ್ತದ್ದು. ಈ ಒಂದು ಮಳೆಗಾಲ ಕುಂಟೆ ನಿನಗೆ ಎಂದರು. ಮೊದಲ ಮಳೆಗೆ ಮುಂಚೆ ನಿನ್ನ ಹಳೆಯ ಮನೆತನದ ಮೀನು ತಂದು ಬಿಡು. ಮರಿಯಾದರೆ ಅವನ್ನೇ ಕೆರೆಗೆ ಬಿಡೋಣ. ಆಗದಿದ್ದರೆ ಕುಂಟೆಗೂ ಕೆರೆಗೂ ಸಾಕಣೆ ಮರಿ, ಆಮೇಲೆ ನನ್ನ ತಲೆ ತಿನ್ನಬಾರದು ಎಂದೂ ಸೇರಿಸಿದರು.

ಮೇ ತಿಂಗಳ ಕೊನೆಗೆ ಉಳಿದ ಕೊನೆಯ ಗುಂಡಿಗೆ ಬಲೆ ಎಳೆದರು. ಸಿಕ್ಕಿದ್ದು ಒಂದು ಬುಟ್ಟಿ ಕೊರಮೀನು. ಎಲ್ಲವನ್ನೂ ನಮ್ಮ ಸಂಸ್ಥೆಯ ಮೀನಿನ ಕೋಣೆಗೆ ತಂದು, ರೆಕ್ಕೆಯ ಚೂರು ಓದಲು ಕೊಟ್ಟು, ನಾನು ಉಗುರು ಕಡಿಯುತ್ತ ಕೂತೆ. ಉತ್ತರ ಬಂತು. ಹಿಂದಿನ ಪ್ರವಾಹದಲ್ಲಿ ಯಾವುದೋ ಸಾಕಣೆ ಕೊಳ ಒಡೆದು ಬಂದವುಗಳ ಸಂತಾನವೇ ಬುಟ್ಟಿಯ ತುಂಬ. ಅಪ್ಪಟ ಹಳೆಯ ಮನೆತನದ್ದು ಉಳಿದದ್ದು ಒಂದೇ ಹೆಣ್ಣು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಬಾಲದ ಹತ್ತಿರ ಹಳೆಯ ಗಾಯದ ಗೆರೆ, ಹೊಟ್ಟೆ ಉಬ್ಬಿ ತತ್ತಿ ತುಂಬಿತ್ತು. ಆ ಹೆಣ್ಣು ಹೋದರೆ ಆ ಕೆರೆಯ ಮನೆತನ ಮುಗಿಯಿತು.

ಈ ಸುದ್ದಿಯನ್ನು ನಾನು ಮನೆಯಲ್ಲಿ ಊಟದ ಮುಂದೆ ಕೂತು ಹೇಳಿಕೊಂಡು ಅತ್ತೆ. ಅವ್ವ ಮೀನಿನ ಮಾತನ್ನು ಊಟದ ಹೊತ್ತಿನಲ್ಲಿ ಸಹಿಸುವವಳಲ್ಲ. ಆದರೆ ಮಗಳು ಅಳುವುದನ್ನು ಅದಕ್ಕಿಂತ ಸಹಿಸುವವಳಲ್ಲ.

"ಅದಕ್ಕ ಗಂಡು ಇಲ್ಲೇನು ಆ ಗುಂಡ್ಯಾಗ?" ಎಂದಳು.

"ಅದಾವ. ಎಲ್ಲಾ ಹೊರಗಿನವು. ಅವುಗಳ ಹಿರೇರು ದೂರದ ಕೊಳದವರು, ಅವರ ನೀರ ಬ್ಯಾರೆ."

"ಹಂಗಾರ ಇದರ ಅಣ್ಣತಮ್ಮರು?"

"ಇಲ್ಲ. ಇದ್ರೂ ಬ್ಯಾಡ ಅವ್ವಾ, ಭಾಳ ಹತ್ರ ಆಗ್ತದ. ಹುಟ್ಟಿದ ಮರಿ ಗಟ್ಟಿ ಇರಂಗಿಲ್ಲ."

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನಮ್ಮ ಕಡೆ ಸಂಬಂಧ ನೋಡುವಾಗ ಬೆಡಗು ನೋಡುತ್ತಾರೆ, ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಕೊಟ್ಟು ತರುವಂತಿಲ್ಲ. ಹಾಗೆಂದು ಕಂಡು ಕೇಳರಿಯದ ಊರಿಗೂ ಹೆಣ್ಣು ಕೊಡುವುದಿಲ್ಲ. ಇಡೀ ಜಿಲ್ಲೆಯ ಬೆಡಗುಗಳು ನಮ್ಮವ್ವನ ನಾಲಿಗೆಯ ತುದಿಯಲ್ಲಿವೆ. ನನ್ನ ಹತ್ತಾರು ಗಂಡುಗಳನ್ನು ಅವಳು ಅದೇ ತಕ್ಕಡಿಯಲ್ಲಿ ತೂಗಿ, ನಾನು ಒಬ್ಬೊಬ್ಬರನ್ನೇ ತಳ್ಳಿ, ಆ ಬೇಸಿಗೆ ಇಬ್ಬರಿಗೂ ಬೇಸರ ಬಂದಿತ್ತು. "ಬೆಡಗು ಬ್ಯಾರೆ ಆಗಿರಬೇಕು, ಬಳಗ ಒಂದ ಆಗಿರಬೇಕು. ಅಷ್ಟ ಅಲ್ಲೇನು? ಅದರ ಕೆಳಗಿನ ಕೆರ್‍ಯಾಗ ಹುಡುಕು" ಎಂದಳು.

ನನ್ನ ತಲೆಯಲ್ಲೂ ಅದೇ ಇತ್ತು ಎಂದು ಹೇಳಿದರೆ ಅವಳು ಇಂದಿಗೂ ನಂಬುವುದಿಲ್ಲ. ಕೋಡಿಯ ನೀರು ಹರಿದು ಸೇರುವ ಕೆಳಗಿನ ಕೆರೆಯಲ್ಲಿ ನಾವು ಹಿಂದೆಯೇ ರೆಕ್ಕೆ ಓದಿದ್ದೆವು. ಅಲ್ಲಿನವು ಇದರ ಬಳಗವೇ, ಆದರೆ ಎಷ್ಟೋ ತಲೆಮಾರಿನಿಂದ ಬೇರೆ ಮನೆ. ಅಲ್ಲಿಂದ ಎರಡು ಗಂಡು ತಂದೆವು, ಓದಿಸಿದೆವು, ಕೂಡಿಬಂತು. ಅವ್ವನಿಗೆ ಕಂಪ್ಯೂಟರಿನಲ್ಲಿ ಬಣ್ಣದ ಚುಕ್ಕಿಗಳ ಚಿತ್ರ ತೋರಿಸಿ, ಇದು ಹೆಣ್ಣು, ಇವು ಗಂಡು, ಅಲ್ಲಿ ದೂರ ಬಿದ್ದಿರುವವು ಸಾಕಣೆಯವು ಎಂದೆ. ಕನ್ನಡಕ ಏರಿಸಿ ನೋಡಿದಳು. "ಜಾತಕಕ್ಕಿಂತ ಇದು ಚಲೋ ಐತಿ. ಯಾರೂ ಸುಳ್ಳ ಹೇಳಾಕ ಬರಂಗಿಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಾ, ಲಗ್ನನ ಆಗಿಲ್ಲ, ಹೊಟ್ಟ್ಯಾಗ ತತ್ತಿ ಹೆಂಗ?" ಎಂದು ಕೇಳಿದಳು. ಮೀನಿನಲ್ಲಿ ತತ್ತಿ ಮೊದಲು, ಗಂಡು ಆಮೇಲೆ ಎಂದು ವಿವರಿಸಿದೆ. ಅವಳು ಕನ್ನಡಕ ಇಳಿಸಿ ಒಳಗೆ ಹೋದಳು.

ಮೀನುಗಳನ್ನು ಕುಂಟೆಗೆ ಬಿಡುವ ಹಿಂದಿನ ದಿನ ನಮ್ಮ ಸಂಸ್ಥೆಯ ಮೀನಿನ ಕೋಣೆಯ ಪೈಪು ಒಡೆಯಿತು. ನೀರೆಲ್ಲ ಕಾರಿಡಾರಿಗೆ. ಬೇರೆ ಜಾಗವಿಲ್ಲದೆ ನನ್ನವನ್ನು ಮುಚ್ಚಳದ ಟಬ್ಬಿನಲ್ಲಿ ಆಟೋದಲ್ಲಿಟ್ಟು ಮನೆಗೆ ತಂದೆ. ಹೆಣ್ಣು, ಎರಡು ಗಂಡು, ಜೊತೆಗೆ ಬುಟ್ಟಿಯವುಗಳಲ್ಲಿ ಅಧ್ಯಕ್ಷರಿಗೆ ವಾಪಸು ಕೊಡಲು ಇನ್ನೂ ಉಳಿದಿದ್ದ ಎರಡು ಸಾಕಣೆ ಮೀನು. ಎಲ್ಲವೂ ಒಂದೇ ಕಪ್ಪು, ಒಂದೇ ಮೋರೆ. ಗುರುತಿಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಬಣ್ಣದ ದಾರ ಪೋಣಿಸುವುದು ನಮ್ಮ ಪದ್ಧತಿ. ಅವಸರದಲ್ಲಿ ದಾರದ ಡಬ್ಬಿಯನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದೆ. ಅವ್ವನನ್ನು ಕೇಳಿದೆ. ಅವಳು ದೇವರ ಗೂಡಿನಿಂದ ಎರಡು ಉಂಡೆ ತಂದಳು. ಒಂದು ದೃಷ್ಟಿಗೆ ಕಟ್ಟುವ ಕರಿದಾರ. ಇನ್ನೊಂದು ಬಿಳಿ ನೂಲು, ಅದನ್ನು ನಾನು ನೋಡುತ್ತಿದ್ದಂತೆಯೇ ಅರಿಶಿನದ ಬಟ್ಟಲಲ್ಲಿ ಅದ್ದಿ ಹಿಂಡಿದಳು.

"ಇದ್ಯಾಕ?" ಎಂದೆ.

"ಲಗ್ನದ ಮಂದಿಗೆ ಬಿಳಿ ದಾರ ಕಟ್ತಾರೇನು?" ಎಂದಳು.

ನಾನು ವಾದ ಮಾಡಲಿಲ್ಲ. ಅರಿಶಿನ ಗಾಯಕ್ಕೂ ಒಳ್ಳೆಯದು. ಹೆಣ್ಣಿಗೂ ಎರಡು ಗಂಡಿಗೂ ಹಳದಿ ದಾರ ಪೋಣಿಸಿದೆ, ಸಾಕಣೆಯವಕ್ಕೆ ಕಪ್ಪು. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಟಾರ್ಚು ಹಿಡಿದಳು.

ಮರುದಿನ ಮೃಗಶಿರಾ ಕಾರ್ತಿ. ಈ ಊರಲ್ಲಿ ಮಳೆಗಾಲ ಕಾಲಿಡುವ ಆ ದಿನ ಮೀನು ತಿನ್ನದ ಮನೆ ಕಡಿಮೆ. ತಣ್ಣಗಾಗುವ ಹವೆಗೆ ಮೈಯಲ್ಲಿ ಕಾವು ಇರಬೇಕಂತೆ. ಬೆಳಕು ಹರಿಯುವ ಮೊದಲೇ ಮೀನಿನ ಬಜಾರುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಣ್ಣು ಕೊಟ್ಟ ಮನೆಗೆ, ಅಕ್ಕಪಕ್ಕದವರಿಗೆ ಮೀನು ಕಳಿಸುವವರೂ ಉಂಟು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಿಶ್ಚಿಂತೆಯಿಂದಿದ್ದೆ. ಮೃಗಶಿರದ ದಿನ ಇಡೀ ಹೈದರಾಬಾದಿನಲ್ಲಿ ಮೀನಿಗೆ ನಮ್ಮವ್ವ ಇರುವ ಮನೆಗಿಂತ ಭದ್ರವಾದ ಜಾಗ ಯಾವುದಿದೆ ಎಂದುಕೊಂಡು, ಒಯ್ಯಲು ದೊಡ್ಡದೊಂದು ಡ್ರಮ್ಮು ತರಲು ಕೋಠಿಗೆ ಹೋದೆ.

ಡ್ರಮ್ಮು ಸಿಕ್ಕಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಪಕ್ಕದ ಹೆಂಗಸಿನ ಚೀಲದಿಂದ ಒಂದು ಬಾಲ ಹೊರಗೆ ಇಣುಕುತ್ತಿತ್ತು. ನಾನು ಅಭ್ಯಾಸಬಲದಿಂದ ಅದನ್ನು ಬಗ್ಗಿ ನೋಡಿದೆ, ಅವರು ಅನುಮಾನದಿಂದ ಚೀಲವನ್ನು ಆಚೆ ಸರಿಸಿದರು. ನಗು ಬಂತು. ಮೋಡ ಕಟ್ಟುತ್ತಿತ್ತು, ಗಾಳಿ ತಂಪಾಗಿತ್ತು, ಸಂಜೆಯೊಳಗೆ ನನ್ನ ಮೀನು ಕುಂಟೆಯಲ್ಲಿರುತ್ತದೆ. ಅಷ್ಟು ಖುಷಿಯಿಂದ ನಾನು ಆ ಬಸ್ಸಿನಿಂದ ಎಂದೂ ಇಳಿದಿರಲಿಲ್ಲ.

ಗೇಟು ತೆಗೆಯುತ್ತಲೇ ಪುಲುಸಿನ ವಾಸನೆ ಬಂತು. ಕಾಕುವಿನ ಮನೆಯಲ್ಲಿ ಇಂದು ಇರಬೇಕಾದ್ದೇ ಎಂದುಕೊಂಡು ಎರಡು ಮೆಟ್ಟಿಲು ಹತ್ತಿದೆ. ಆಮೇಲೆ ಬೇವಿನ ಮರದ ಕೆಳಗೆ ನನ್ನ ಟಬ್ಬು ಕಂಡಿತು. ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ, ಮೀನಿರಲಿಲ್ಲ. ಕೈಯಿಂದ ಡ್ರಮ್ಮು ಜಾರಿ ಮೆಟ್ಟಿಲಿಳಿದು ಗೇಟಿನ ತನಕ ಉರುಳಿತು.

ಸದ್ದಿಗೆ ಅವ್ವ ಮೇಲಿನಿಂದ ಇಣುಕಿದಳು. "ಮ್ಯಾಲ ಬಿಸಲ ಬಂತು ಯವ್ವಾ, ಟಬ್ಬು ಸುಡಾಕತ್ತಿತ್ತು. ದೇವರ ಮನಿ ಬಾಜೂಕ ಆ ವಾಸನಿನೂ ತಡೀಲಿಲ್ಲ. ಕೆಳಗ ನೆಳ್ಳಿಗೆ ಇಡಸಿ, ಕೆಳಗಿನ ಮನಿ ಅಕ್ಕಾರಿಗೆ ನೋಡ್ಕೋರಿ ಅಂತ ಹೇಳಿ ಗುಡಿಗೆ ಹೋಗಿ ಬಂದೆ" ಎಂದಳು. ಮೃಗಶಿರದ ಬೆಳಗ್ಗೆ, ಕೆಳಗಿನ ಮನೆಯ ಬಾಗಿಲಿಗೆ, ಜೀವಂತ ಕೊರಮೀನು ತುಂಬಿದ ಟಬ್ಬು. ಈ ಊರಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಹುಟ್ಟಿದಾರಭ್ಯ ಮೀನಿನ ಅಂಗಡಿಯ ಕಡೆ ಮುಖ ಹಾಕದ ನಮ್ಮವ್ವನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಕಾಕು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮುಖ ಅರಳಿತ್ತು, ಕಣ್ಣು ಒದ್ದೆಯಾಗಿತ್ತು. ನನ್ನನ್ನು ನೋಡಿ ಅಲ್ಲ, ಮೇಲಿದ್ದ ಅವ್ವನನ್ನು ನೋಡಿ ಮಾತಾಡಿದರು. "ಅಕ್ಕಾರ, ನಮ್ಮನಿಯವರು ಹೋದಮ್ಯಾಲೆ ಮೃಗಶಿರಕ್ಕ ನನಗ ಯಾರೂ ಮೀನು ಕಳಿಸಿದ್ದಿಲ್ರಿ. ಮುಟ್ಟಂಗಿಲ್ಲ ಅನ್ನೋರು ನೀವು, ನೀವ ಕಳಿಸಿದ್ರಿ. ನನಗ ಭಾಳ ಅಳು ಬಂತ್ರಿ."

ಅವ್ವ ನಿಂತಲ್ಲೇ ಕಟಾಂಜನ ಹಿಡಿದುಕೊಂಡಳು. ಅವಳಿಗೆ ಏನಾಗಿದೆ ಎಂದು ಹೊಳೆಯುವುದನ್ನು ಕೆಳಗಿನಿಂದಲೇ ನೋಡಿದೆ.

"ಎಲ್ಲಾನೂ ಮಾಡಿದ್ರೇನ್ರಿ ಕಾಕೂ?" ಎಂದು ಹೇಗೋ ಕೇಳಿದೆ.

"ಎಲ್ಲಾ ಹೆಂಗ ಮಾಡ್ಲಿ?" ಎಂದು ಕಾಕು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಕರಿದಾರದವು ಎರಡು ಕೊಯ್ದೆ. ಉಳದವಕ್ಕ ಅರಿಶಿನ ದಾರ ಕಟ್ಟೀರಿ. ಯಾರ ಮೊಕ್ಕೋ, ಯಾರ ಹರಕಿನೋ, ಯಾವ ದೇವರಿಗೆ ಬಿಟ್ಟಿದ್ದೋ. ಮುತ್ತೈದಿ ಇದ್ದಂಗ ಅದಾವು. ಅವುಕ್ಕ ಕತ್ತಿ ಹಚ್ಚಾಕ ನನಗೇನು ಹುಚ್ಚೇನು? ಹೌದಿನ್ಯಾಗ ಬಿಟ್ಟೀನಿ, ನೋಡು ಹೋಗು."

ಹಿತ್ತಲಿನ ನೀರಿನ ಹೌದಿನ ಮೇಲೆ ಕಾಕು ಬಟ್ಟೆ ಒಗೆಯುವ ಹಲಗೆ ಮುಚ್ಚಿದ್ದರು. ಸರಿಸಿದೆ. ನಿನ್ನೆ ಹಿಡಿದಿಟ್ಟ ತಿಳಿನೀರಿನ ತಳದಲ್ಲಿ ಮೂರು ಕಪ್ಪು ಬೆನ್ನು, ಮೂರು ಹಳದಿ ಗಂಟು. ನೋಡುತ್ತಿದ್ದಂತೆ ಬಾಲದಲ್ಲಿ ಗಾಯದ ಗೆರೆಯಿರುವುದು ನಿಧಾನಕ್ಕೆ ಮೇಲೆ ಬಂದು, ಬುಳಕ್ಕೆಂದು ಒಂದು ಗುಟುಕು ಗಾಳಿ ನುಂಗಿ, ಮತ್ತೆ ಇಳಿಯಿತು. ನಾನು ಹೌದಿನ ಕಟ್ಟೆಗೆ ಹಣೆ ಹಚ್ಚಿ ನಕ್ಕೆ. ಎಷ್ಟು ನಕ್ಕೆನೆಂದರೆ ಕಾಕುವಿಗೆ ಗಾಬರಿಯಾಯಿತು. ಸಾವಿರಾರು ಕಡೆ ಡಿಎನ್‌ಎ ಓದಿ ನಾನು ಆರಿಸಿದ್ದನ್ನು ಅವರು ದಾರ ನೋಡಿ ಉಳಿಸಿದ್ದರು. ನಮ್ಮ ಡಬ್ಬಿಯ ನೀಲಿಯನ್ನೋ ಹಸಿರನ್ನೋ ಪೋಣಿಸಿದ್ದರೆ ಆ ಕೆರೆಯ ಮನೆತನ ಅಂದು ಹುಣಸೆರಸದಲ್ಲಿ ಕುದಿಯುತ್ತಿತ್ತು.

ನಡೆದದ್ದನ್ನು ಕಾಕುವಿಗೆ ತಿಳಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಇಳಿದು ಬಂದು ನನ್ನ ತೋಳು ಚಿವುಟಿದಳು. "ಹೌದ್ರಿ ಅಕ್ಕಾರ, ಕರಿದಾರದವು ನಿಮಗಂತನ ಕಳಿಸಿದ್ದೆ. ಹಬ್ಬದ ದಿನ ಒಬ್ಬರ ಉಣಬಾರದು, ಆಜುಬಾಜು ಮಂದೀನ ಕರೀರಿ" ಎಂದಳು. ಬದುಕಿನಲ್ಲಿ ಸುಳ್ಳನ್ನು ಅಷ್ಟು ಚೆಂದವಾಗಿ ಅವಳು ಹೇಳಿದ್ದನ್ನು ನಾನು ಕೇಳಿಲ್ಲ. ಅಂದು ಮೇಲೆ ಊದುಬತ್ತಿ ಹಚ್ಚಲಿಲ್ಲ. ಅಧ್ಯಕ್ಷರ ಎರಡು ಮೀನಿಗೆ ನಾನೇ ಉತ್ತರ ಹೇಳಿಕೊಂಡೆ. ಅವರು ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು.

ಸಂಜೆ ಹನಿ ಬೀಳುವ ಹೊತ್ತಿಗೆ ಮೂರನ್ನೂ ಕುಂಟೆಗೆ ಬಿಟ್ಟೆವು. ಹೆಣ್ಣು ನನ್ನ ಕೈಯಿಂದ ಜಾರಿ ಜೊಂಡಿನೊಳಗೆ ಹೋದದ್ದಷ್ಟೇ, ಮತ್ತೆ ಕಾಣಲಿಲ್ಲ. ಆಮೇಲೆ ಕಾಯುವ ಕೆಲಸ. ಮಳೆ ಬಂತು, ಹಳೆಯ ಕೆರೆ ಹೊಸ ನೀರು ತುಂಬಿಕೊಳ್ಳತೊಡಗಿತು. ವಾರಕ್ಕೊಮ್ಮೆ ಹೋಗಿ ಕುಂಟೆಯ ದಂಡೆಯ ಮೇಲೆ ಕೂತು ಬರುತ್ತಿದ್ದೆ. ನೀರಿನ ಮೇಲೆ ಏನೂ ಇಲ್ಲ. ಅಧ್ಯಕ್ಷರು ಸಾಕಣೆ ಕೇಂದ್ರಕ್ಕೆ ಹೇಳಿಬಿಡಲೇ ಎಂದು ಪ್ರತಿ ಸಲ ಕೇಳುತ್ತಿದ್ದರು, ನಾನು ಇನ್ನೊಂದು ವಾರ ಎನ್ನುತ್ತಿದ್ದೆ. ಮನೆಗೆ ಬಂದರೆ ಅವ್ವ, ಕಾಕು ಇಬ್ಬರೂ ಕಟ್ಟೆಯ ಮೇಲೆ ಕೂತು ಮುಖ ನೋಡುತ್ತಿದ್ದರು. ಕೇಳುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಮನೆಯಲ್ಲಿ ಹಿರಿಯರು ಹೇಗೆ ಕೇಳದೆ ಕೇಳುತ್ತಾರೋ ಹಾಗೆ. ಊರಿಗೆ ಮರಳಬೇಕಾಗಿದ್ದ ಅವ್ವ ಮೊಣಕಾಲು ನೋವಿನ ನೆಪ ಹೇಳಿ ಉಳಿದುಕೊಂಡಿದ್ದಳು.

ಒಂದು ದಿನ ಬೆಳಗ್ಗೆ ಅಧ್ಯಕ್ಷರ ಫೋನು ಬಂತು. "ರಾ ಅಮ್ಮಾ" ಎಂದರು, ಬಾ ಎಂದಷ್ಟೇ. ಏನು ಎಂದರೆ ಹೇಳಲಿಲ್ಲ, ಧ್ವನಿಯಲ್ಲಿ ನಗುವಿತ್ತೋ ಇಲ್ಲವೋ ತಿಳಿಯಲಿಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವ್ವ ಸೀರೆ ಬದಲಿಸಿ ನಿಂತಿದ್ದಳು. ಕಾಕು ಮಷಿನ್ನಿಗೆ ಬಟ್ಟೆ ಹೊದಿಸಿ ಬಂದರು. ಮೊಣಕಾಲು ನೋವಿನ ಮಾತನ್ನು ಯಾರೂ ಎತ್ತಲಿಲ್ಲ.

ಕುಂಟೆಯ ದಂಡೆಯ ಮೇಲೆ ಸೊಸೈಟಿಯ ಗಂಡಸರು ಏಳೆಂಟು ಜನ ಜೋರಾಗಿ ಮಾತಾಡುತ್ತ ನಿಂತಿದ್ದರು. ಅಧ್ಯಕ್ಷರು ಬೆರಳು ತೋರಿಸಿದರು. ಜೊಂಡಿನ ಅಂಚಿಗೆ, ನೀರಿನ ಮೇಲೆ, ಮೊರದಷ್ಟು ಅಗಲದ ಒಂದು ಕೆಂಪು ಕದಲುತ್ತಿತ್ತು. ಕೊರಮೀನಿನ ಮರಿಗಳು ಹುಟ್ಟಿದ ಹೊಸದರಲ್ಲಿ ಕೆಂಪಗಿರುತ್ತವೆ, ಒಂದನ್ನೊಂದು ಬಿಡದೆ ಗುಂಪಾಗಿ ಮೇಲೆ ಬಂದು ಗಾಳಿ ನುಂಗಿ ಇಳಿಯುತ್ತವೆ. ನೂರಾರು ಪುಟ್ಟ ಬಾಯಿಗಳಿಗೆ ನೀರು ಮಳೆ ಬಿದ್ದಂತೆ ಚಿಟಿಚಿಟಿ ಎನ್ನುತ್ತಿತ್ತು. ತಾಯಿ ತಂದೆ ಇಬ್ಬರೂ ಕೆಳಗೆ ಕಾವಲು ಇರುತ್ತವೆ. ಪುಸ್ತಕದಲ್ಲಿ ಓದಿದ್ದೆ, ಬೇರೆ ಕೆರೆಗಳಲ್ಲಿ ಕಂಡಿದ್ದೆ. ನನ್ನದು ಎಂದುಕೊಂಡು ನೋಡಿದ್ದು ಅದೇ ಮೊದಲು. ಕಣ್ಣು ಮಂಜಾಗಿ ಲೆಕ್ಕ ಹಾಕುವುದೂ ಮರೆತೆ. ಒಂದೇ ಹೆಣ್ಣಿನಿಂದ ಮನೆತನ ನಿಲ್ಲುವುದಿಲ್ಲ, ಮುಂದಿನ ಮಳೆಗಾಲಗಳಲ್ಲಿ ಸರಪಳಿಯ ಬೇರೆ ಕೆರೆಗಳಿಂದ ಸಂಬಂಧ ತರಬೇಕು, ಈ ಮರಿಗಳ ರೆಕ್ಕೆಯನ್ನೂ ಓದಬೇಕು. ಅದೆಲ್ಲ ಆಮೇಲೆ ನೆನಪಾಯಿತು. ಕುಂಟೆ ಬರುವ ವರ್ಷವೂ ನಿನ್ನದೇ ಎಂದು ಅಧ್ಯಕ್ಷರು ಅಂದದ್ದು ಅರ್ಧವಷ್ಟೇ ಕಿವಿಗೆ ಬಿತ್ತು.

ಕೆಂಪು ಗುಂಪಿನ ಪಕ್ಕದಲ್ಲಿ ನೀರು ಸೀಳಿ ಒಂದು ಕಪ್ಪು ಬೆನ್ನು ಮೇಲೆ ಬಂತು. ಗಾಳಿ ನುಂಗಿತು. ರೆಕ್ಕೆಯ ಬುಡದಲ್ಲಿ ದಾರ ಇನ್ನೂ ಇತ್ತು, ಬಣ್ಣ ಬಿಟ್ಟು ಮಾಸಲಾಗಿತ್ತು. ಬಾಲದಲ್ಲಿ ಆ ಗೆರೆ.

ಅವ್ವ ನೀರಿನ ಅಂಚಿನ ತನಕ ಹೋದಳು. ಮೂಗಿಗೆ ಸೆರಗು ಹಿಡಿದಿರಲಿಲ್ಲ. ಎರಡೂ ಕೈ ನೀರಿನ ಕಡೆ ಚಾಚಿ, ದೃಷ್ಟಿ ತೆಗೆದು, ಬೆರಳುಗಳನ್ನು ಕಿವಿಯ ಪಕ್ಕಕ್ಕೆ ಒತ್ತಿ ನೆಟ್ಟಿಗೆ ಮುರಿದಳು. ನಾನು ಪರೀಕ್ಷೆಯಲ್ಲಿ ಪಾಸಾದಾಗ ಹಾಗೆ ಮಾಡುತ್ತಿದ್ದಳು. ಹಿಂದೆ ಗಂಡಸರು ಇನ್ನೂ ಗಟ್ಟಿಯಾಗಿ ಮಾತಾಡುತ್ತಲೇ ಇದ್ದರು. ಅವ್ವ ಅವರ ಕಡೆ ತಿರುಗಿದಳು. ತೆಲುಗು ಬಾರದು, ಬೇಕೆಂದೂ ಅನಿಸಲಿಲ್ಲ.

"ಸಪ್ಪಳ ಮಾಡಬ್ಯಾಡ್ರಪ್ಪಾ" ಎಂದಳು. "ಬಾಣಂತಿ ಮನಿ ಐತಿ ಇದು."

ಯಾರಿಗೆ ಎಷ್ಟು ತಿಳಿಯಿತೋ, ದಂಡೆಯ ಮೇಲೆ ಎಲ್ಲರೂ ಸುಮ್ಮನಾದರು. ಅಧ್ಯಕ್ಷರು ಬೀಡಿ ಆರಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹಿಂದಕ್ಕೆ ಸರಿದರು.